ಗುಡುಗು ಜೋಡಿಸುವ ವಿಧಾನ

ನಮ್ಮ ರಾಜ್ಯದ ಯಾವುದಾದರೂ ಒಂದು ಊರಿನಲ್ಲಿ ಆಗಾಗ ಈ ಉತ್ಸವ ನಡೆಯುತ್ತಲೇ ಇರುತ್ತದೆ. ಗದ್ದಲ ಎಬ್ಬಿಸುವ ವಾಹನಗಳಿಂದ ಕಿತ್ತುಕೊಂಡ ಸೈಲೆನ್ಸರ್‌ಗಳನ್ನು ಪೊಲೀಸರು ರಸ್ತೆ ಮೇಲೆ ಸಾಲಾಗಿ ಮಲಗಿಸುತ್ತಾರೆ. ರೋಡ್ ರೋಲರ್ ಬರುತ್ತದೆ. ಸಾಹೇಬರು ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಾರೆ. ಟಿವಿಯವರು ಬಗ್ಗಿ ಕ್ಯಾಮೆರಾ ಹಿಡಿಯುತ್ತಾರೆ. ರೋಲರ್ ಹರಿಯುತ್ತದೆ, ಕೊಳವೆಗಳು ಹಪ್ಪಳವಾಗುತ್ತವೆ. ಮರುದಿನ ಪೇಪರಿನಲ್ಲಿ ಫೋಟೊ. ಆ ರೋಲರ್ ಎಷ್ಟು ಸದ್ದು ಮಾಡಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಆ ಹಪ್ಪಳಗಳನ್ನು ಯಾರೂ ಕಾಡಿನೊಳಗೆ ಕದ್ದು ಮಾಡಿದ್ದಲ್ಲ. ಪೇಟೆ ಮಧ್ಯೆ, ಬೋರ್ಡು ಹಾಕಿಕೊಂಡ ಅಂಗಡಿಯಲ್ಲಿ, ಗಾಜಿನ ಹಿಂದೆ ಲೈಟು ಬಿಟ್ಟು ಇಟ್ಟಿದ್ದು. ಕೊಂಡವನಿಗೆ ಬಿಲ್ಲು ಕೊಟ್ಟಿದ್ದಾರೆ. ಬಿಲ್ಲಿನಲ್ಲಿ ಜಿಎಸ್‌ಟಿ ಇದೆ. ಸೈಲೆನ್ಸರ್‌ನಂಥ ಬಿಡಿಭಾಗಕ್ಕೆ ಮೊದಲು ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 18 ಆಯಿತು. ಅಂದರೆ ಗದ್ದಲ ಈಗ ಸ್ವಲ್ಪ ಅಗ್ಗ. ಮಾರುವಾಗ ಸರ್ಕಾರಕ್ಕೆ ತೆರಿಗೆ, ಹಾಕಿಕೊಂಡ ಮೇಲೆ ಸರ್ಕಾರಕ್ಕೆ ದಂಡ, ಕೊನೆಗೆ ಮೇಲೆ ಹರಿಯುವ ರೋಲರ್ ಕೂಡ ಸರ್ಕಾರದ್ದೇ. ವಾಹನದಲ್ಲಿ ಬೇರೆ ಯಾವ ಭಾಗವೂ ದೇಶಕ್ಕಾಗಿ ಇಷ್ಟು ದುಡಿಯುವುದಿಲ್ಲ.

ಇನ್ನೊಂದು ಗಮನಿಸಿದ್ದೀರಾ? ನಾನು ನೋಡಿದ ಫೋಟೊಗಳಲ್ಲೆಲ್ಲ ರೋಲರ್ ಕೆಳಗೆ ಮಲಗಿದ್ದು ಬೈಕುಗಳ ಸೈಲೆನ್ಸರ್‌ಗಳೇ. ಅದರಲ್ಲೂ ಬುಲೆಟ್ ಹುಡುಗರದ್ದು ಜಾಸ್ತಿ. ಸ್ಪೋರ್ಟ್ಸ್ ಕಾರಿನ ಎಕ್ಸಾಸ್ಟ್ ಒಂದೂ ಆ ಸಾಲಿನಲ್ಲಿ ಕಂಡಿಲ್ಲ. ಈಚೆಗೆ ಕಾರುಗಳಿಗೂ ದಂಡ ಬೀಳುತ್ತಿದೆ ಅನ್ನಿ. ಆದರೂ ಬುಲೆಟ್ ನಿಲ್ಲಿಸಿದರೆ ಮೊದಲು ಕೀ ಕಿತ್ತುಕೊಳ್ಳುತ್ತಾರೆ, ಕೆಂಪು ಕಾರು ನಿಂತರೆ ಮೊದಲು ಸೆಲ್ಫಿ. ಹಾಗಾಗಿ ಊರಿನವರ ನಿದ್ದೆ ಕೆಡಿಸಲೇಬೇಕು ಎಂಬ ಆಸೆ ಇದ್ದವರಿಗೆ ನನ್ನ ಸಲಹೆ ಇಷ್ಟೇ: ಎರಡು ಚಕ್ರಕ್ಕೆ ನಿಲ್ಲಬೇಡಿ. ನಾಲ್ಕು ಚಕ್ರದ ಗದ್ದಲಕ್ಕೆ ಮರ್ಯಾದೆ ಜಾಸ್ತಿ.

ಜೋಡಿಸಲು ಗ್ಯಾರೇಜೂ ಬೇಡ. ಮನೆಯಲ್ಲೇ ಆಗುತ್ತದೆ. ಹೇಗೆ ಅಂತ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಹುಡುಗ ತೋರಿಸಿಕೊಟ್ಟಿದ್ದಾನೆ.

ಅವನದು ಸೆಕೆಂಡ್ ಹ್ಯಾಂಡ್ ಮಸ್ಟಾಂಗ್ ಜಿಟಿ, ಫೋರ್ಡ್ ಕಂಪನಿಯ ಸ್ಪೋರ್ಟ್ಸ್ ಕಾರು. 2016ರಲ್ಲಿ ಇಂಡಿಯಾಕ್ಕೆ ಬಂದಾಗ ಅದರ ಶೋರೂಂ ಬೆಲೆ 65 ಲಕ್ಷ ರೂಪಾಯಿ. ಐದು ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್. ಸ್ಟಾರ್ಟ್ ಮಾಡಿದರೆ ಕಂಪನಿ ಕೊಟ್ಟ ಸೈಲೆನ್ಸರ್‌ನಲ್ಲೇ ಬೇಸ್‌ಮೆಂಟಿನ ಬೆಕ್ಕುಗಳು ಓಡಿಹೋಗುತ್ತಿದ್ದವು. ಅವನಿಗೆ ಸಾಲಲಿಲ್ಲ. "ಕಾರು ಮಾತಾಡ್ತಾನೇ ಇಲ್ಲ ಅಂಕಲ್" ಅಂತ ಕೊರಗುತ್ತಿದ್ದ. ಕೊನೆಗೆ ಅಮೆರಿಕದಿಂದ ಅವನಷ್ಟೇ ಉದ್ದದ ಒಂದು ಪೆಟ್ಟಿಗೆ ಬಂತು. ಒಳಗೆ ಫಳಫಳ ಹೊಳೆಯುವ ಸ್ಟೀಲಿನ ಎರಡು ಮಫ್ಲರ್, ಅಂದರೆ ಸೈಲೆನ್ಸರ್. ಮೂಲೆಯಲ್ಲಿ ಸಣ್ಣ ಅಕ್ಷರದ ಸ್ಟಿಕ್ಕರು: ರೇಸ್ ಟ್ರ್ಯಾಕಿನಲ್ಲಿ ಬಳಸಲು ಮಾತ್ರ. ನಮಗೆ ಹತ್ತಿರದ ಟ್ರ್ಯಾಕ್ ಅಂದರೆ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ, ಇಲ್ಲವೇ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಅವನು ಟ್ರ್ಯಾಕಿಗೆ ಹೋದವನಲ್ಲ. ಹೋಗುವುದು ಮಾರತ್‌ಹಳ್ಳಿಯ ಆಫೀಸಿಗೆ.

ಕಂಪನಿಯ ಸೈಲೆನ್ಸರ್ ಒಳಗೆ ಏನಿದೆ ಅಂತ ಇಲ್ಲಿ ಹೇಳಿಬಿಡುತ್ತೇನೆ. ಸಣ್ಣ ಸಣ್ಣ ಕೋಣೆಗಳು, ತೂತು ಕೊರೆದ ಕೊಳವೆಗಳು. ಎಂಜಿನ್ನಿನ ಸದ್ದು ಒಂದು ಕೋಣೆಯಿಂದ ಇನ್ನೊಂದಕ್ಕೆ ಬಡಿದು, ವಾಪಸು ಬಂದು, ತನ್ನನ್ನು ತಾನೇ ಹೊಡೆದುಕೊಂಡು ಸುಸ್ತಾಗಿ ಹೊರಗೆ ಬರುತ್ತದೆ. ಅಮೆರಿಕದ ರೀವ್ಸ್ ಸಹೋದರರು 1897ರಲ್ಲೇ ಇದಕ್ಕೆ ಪೇಟೆಂಟ್ ಪಡೆದರು. ಮುಂದೆ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬಾತ ಬಂದೂಕಿಗೂ ಸೈಲೆನ್ಸರ್ ಮಾಡಿದ. ಅವನ ಅಪ್ಪ ಮಷಿನ್ ಗನ್ ಕಂಡುಹಿಡಿದವನು. ಅಪ್ಪ ಎಬ್ಬಿಸಿದ ಗದ್ದಲ ಅಡಗಿಸಲು ಮಗ ದುಡಿದ. ನಮ್ಮಲ್ಲಿ ಉಲ್ಟಾ. ಅಪ್ಪಂದಿರು ಜೀವಮಾನವೆಲ್ಲ ಸದ್ದಿಲ್ಲದೆ ಸ್ಕೂಟರ್ ಓಡಿಸಿದರು, ಮಕ್ಕಳು ಬಾಕಿ ತೀರಿಸುತ್ತಿದ್ದಾರೆ.

ಪೆಟ್ಟಿಗೆಯಲ್ಲಿ ಬಂದ ಮಫ್ಲರ್‌ನಲ್ಲಿ ಆ ಕೋಣೆಗಳಿಲ್ಲ. ಈ ಕಡೆಯಿಂದ ಕಣ್ಣಿಟ್ಟರೆ ಆ ಕಡೆಯ ಗೋಡೆ ಕಾಣುತ್ತದೆ. ಕಡಿಮೆ ಸಾಮಾನು, ಜಾಸ್ತಿ ದುಡ್ಡು.

ಶನಿವಾರ ಬೆಳಿಗ್ಗೆ ಕೆಲಸ ಶುರುವಾಯಿತು. "ಅಂಕಲ್, ಸ್ವಲ್ಪ ಟಾರ್ಚ್ ಹಿಡ್ಕೊಳ್ತೀರಾ? ಅರ್ಧ ಗಂಟೆ ಅಷ್ಟೇ" ಅಂದ. ವಿಡಿಯೊದಲ್ಲಿ ಅಮೆರಿಕದವನೊಬ್ಬ ಅರ್ಧ ಗಂಟೆಯಲ್ಲಿ ಮುಗಿಸಿದ್ದನಂತೆ. ಅವನಿಗೆ ಕಾರು ಎತ್ತುವ ಲಿಫ್ಟ್ ಇತ್ತು. ನಮಗೆ ಜಾಕ್ ಇತ್ತು, ಬಾಡಿಗೆಗೆ ತಂದ ಸ್ಟ್ಯಾಂಡ್ ಇತ್ತು, ಜೊತೆಗೆ ನಾಲ್ಕು ಸಿಮೆಂಟ್ ಬ್ಲಾಕ್. ಬ್ಲಾಕ್ ಒಡೆದರೆ ಅಡಿಗೆ ಸಿಕ್ಕವನು ಅಪ್ಪಚ್ಚಿ. ಅವನ್ನು ದೂರ ಇಡಿಸಿದ್ದೊಂದೇ ಆ ದಿನ ನಾನು ಮಾಡಿದ ಸಮಾಜಸೇವೆ. ಸೈಲೆನ್ಸರ್ ಕಾರಿನ ಹೊಟ್ಟೆಗೆ ರಬ್ಬರ್ ಹ್ಯಾಂಗರ್‌ಗಳಲ್ಲಿ ನೇತಾಡುತ್ತಿರುತ್ತದೆ. ನಟ್ಟು ಸುಲಭವಾಗಿ ಬರುತ್ತದೆ, ಈ ರಬ್ಬರ್ ಬರುವುದಿಲ್ಲ. ಸೋಪಿನ ನೀರು ಹಾಕಿದ. ತುಕ್ಕು ಬಿಡಿಸುವ ಡಬ್ಲ್ಯುಡಿ-40 ಸ್ಪ್ರೇ ಹೊಡೆದ. ಕಾಲು ಕೊಟ್ಟು ಎಳೆದ. ಒಂದು ಹ್ಯಾಂಗರ್ ಫಟ್ಟನೆ ಬಿಟ್ಟುಕೊಂಡಾಗ ಅವನೇ ಉರುಳಿ ವಾಚ್‌ಮನ್ನಿನ ಬಕೆಟ್ಟಿಗೆ ಬಿದ್ದ.

ಆಮೇಲೆ ಗೊತ್ತಾಯಿತು, ಕಂಪನಿಯ ಪೈಪು ಇಡಿಯಾಗಿ ಬೆಸುಗೆ ಹಾಕಿದ್ದು, ಕತ್ತರಿಸದೆ ಬರುವುದಿಲ್ಲ ಅಂತ. ಗ್ರೈಂಡರ್ ಬಂತು. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲೇ ಕಿಡಿ ಹಾರುತ್ತಿದೆ, ನಾನು ಟಾರ್ಚ್ ಹಿಡಿದುಕೊಂಡು ಇಷ್ಟದೇವರನ್ನು ನೆನೆಯುತ್ತಿದ್ದೇನೆ. ಸೆಕ್ರೆಟರಿಯವರು ಲಿಫ್ಟಿನಿಂದ ಇಳಿದು ಬಂದರು.

"ಏನ್ರೀ ಇದು ಗಲಾಟೆ?"

"ಸರ್, ಸೈಲೆನ್ಸರ್ ಹಾಕ್ತಿದೀವಿ."

"ಓ, ಸೈಲೆನ್ಸರಾ? ಹಾಕಿ ಹಾಕಿ, ಒಳ್ಳೇದು" ಅಂತ ಸಮಾಧಾನವಾಗಿ ವಾಪಸು ಹೋದರು.

ಸಂಜೆ ಸ್ಟಾರ್ಟ್ ಮಾಡಿದ. ಪಕ್ಕದಲ್ಲಿ ನಿಂತಿದ್ದ ಸ್ಕೂಟರುಗಳ ಅಲಾರಂ ಕೂಗಿಕೊಂಡವು. ಮೊದಲ ಮಹಡಿಯಲ್ಲಿ ಮಗು ಎದ್ದಿತು. ಹುಡುಗನ ಕಣ್ಣಲ್ಲಿ ನೀರು. "ಎಷ್ಟು ಪವರ್ ಜಾಸ್ತಿಯಾಯ್ತಪ್ಪ?" ಅಂದೆ. ಹಿಂದಿನ ಮಫ್ಲರ್ ಮಾತ್ರ ಬದಲಾಯಿಸಿದರೆ ಐದೋ ಹತ್ತೋ ಹಾರ್ಸ್‌ಪವರ್ ಸಿಕ್ಕರೆ ಪುಣ್ಯ. ಅದು ಸುಮಾರು 400ರ ಎಂಜಿನ್. "ಪವರ್ ಅಲ್ಲ ಅಂಕಲ್, ಫೀಲ್" ಅಂದ.

ಫೀಲ್ ಎಲ್ಲಿ ಆಗಬೇಕು ಎಂಬುದೇ ನಮ್ಮೂರಿನ ಪ್ರಶ್ನೆ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುವೆ 10 ಕಿಲೋಮೀಟರ್ ಹೋಗಲು 29 ನಿಮಿಷ 10 ಸೆಕೆಂಡ್ ಬೇಕಿತ್ತು. ಗಂಟೆಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲೇ ಸಾಯುತ್ತಿರುತ್ತದೆ. ಈ ನಮೂನೆಯ ಎಕ್ಸಾಸ್ಟ್‌ಗಳು ಕಾರಿನೊಳಗೆ ಗೊಂಯ್ ಅಂತ ತಲೆ ಕೊರೆಯುವುದೂ ಬಹುಪಾಲು ಅಲ್ಲೇ. ಅದಕ್ಕೆ ಡ್ರೋನ್ ಅನ್ನುತ್ತಾರೆ. ಮಾರತ್‌ಹಳ್ಳಿ ತಲುಪುವಷ್ಟರಲ್ಲಿ ಹುಡುಗನಿಗೆ ತಲೆನೋವು. ಪರಿಹಾರ? ಡಿಕ್ಕಿಯೊಳಗೆ, ಸೀಟಿನ ಕೆಳಗೆ ಸೌಂಡ್‌ಪ್ರೂಫ್ ಮ್ಯಾಟ್ ಅಂಟಿಸಿದ. ಗಾಜು ಏರಿಸಿ, ಎಸಿ ಹಾಕಿ, ಕಿವಿಗೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಸಿಕ್ಕಿಸಿಕೊಂಡ. ಈಗ ಅವನ ಕಾರಿನ ಸದ್ದು ಅವನೊಬ್ಬನಿಗೆ ಕೇಳುವುದಿಲ್ಲ. ಹೊರಗಿನವರಿಗೆಲ್ಲ ಫ್ರೀ.

ಅವನು ಗಾಜು ಇಳಿಸುವುದು ಒಂದೇ ಜಾಗದಲ್ಲಿ. ಮೇಖ್ರಿ ಸರ್ಕಲ್ಲಿನ ಅಂಡರ್‌ಪಾಸ್. ಮುಂದೆ ಬಿಎಂಟಿಸಿ ಬಸ್ಸು ನಿಂತಿರುತ್ತದೆ, ಹಿಂದೆ ನೀರಿನ ಟ್ಯಾಂಕರ್. ನಿಂತಲ್ಲೇ ಆಕ್ಸಿಲರೇಟರ್ ತುಳಿಯುತ್ತಾನೆ. ಸದ್ದು ಗೋಡೆಗೆ ಬಡಿದು ಕಾರಿಗೇ ವಾಪಸು ಬರುತ್ತದೆ. ಕಾರು ಮಾತ್ರ ಒಂದಿಂಚೂ ಮುಂದೆ ಹೋಗಿರುವುದಿಲ್ಲ.

ಇನ್ನು ಕಾನೂನು. ಕಾನೂನು ಇಲ್ಲ ಅಂದುಕೊಳ್ಳಬೇಡಿ, ಬೇಕಾದಷ್ಟಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು ಅಂತ ಬರೆದರು. ಗದ್ದಲದ ಲೆಕ್ಕದಲ್ಲಿ 190ನೇ ಸೆಕ್ಷನ್ ಬೇರೆ ಇದೆ, 10,000 ರೂಪಾಯಿವರೆಗೆ ದಂಡ. ಕಾರಿನ ಸದ್ದು 74 ಡೆಸಿಬೆಲ್ ಮೀರಬಾರದು ಎಂಬ ಮಿತಿಯೂ ಇದೆ. ಅಳೆಯುವುದು ಹೇಗೆ? ಏಳೂವರೆ ಮೀಟರ್ ದೂರದಲ್ಲಿ ಮೈಕ್ ಇಡಬೇಕು. ಕಾರು ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಬಂದು, ಪೂರ್ತಿ ಆಕ್ಸಿಲರೇಟರ್ ಕೊಟ್ಟು ದಾಟಿ ಹೋಗಬೇಕು. ಬೆಂಗಳೂರಿನಲ್ಲಿ! ಸಿಲ್ಕ್ ಬೋರ್ಡಿನ ಪೇದೆಗೆ ಈ ಪರೀಕ್ಷೆ ಮಾಡಿ ಅಂತ ಹೇಳಿ ನೋಡಿ. ಗದ್ದಲ ಹಿಡಿಯಬೇಕಾದರೆ ಮೊದಲು ಟ್ರಾಫಿಕ್ ಸಮಸ್ಯೆ ಬಗೆಹರಿಸಬೇಕು. ಅದು ಬಗೆಹರಿಯುವವರೆಗೆ ಗದ್ದಲಕ್ಕೆ ಭಯವಿಲ್ಲ.

ಸಾರಿಗೆ ಇಲಾಖೆಗೆ ಕಣ್ಣು ಮಾತ್ರ ಚುರುಕು. ಇಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇ 18. ಅದಕ್ಕೇ ದುಬಾರಿ ಕಾರುಗಳು ಹೊರ ರಾಜ್ಯದ ನಂಬರ್ ಪ್ಲೇಟ್ ಹಾಕಿಕೊಂಡು ಇಲ್ಲೇ ಸಂಸಾರ ಮಾಡುತ್ತವೆ. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದನ್ನು ಹಿಡಿದು ಸುಮಾರು 1.41 ಕೋಟಿ ರೂಪಾಯಿ ಕಟ್ಟಿಸಿಕೊಂಡರು. ಕಣ್ಣಿಗೆ ಬಿದ್ದ ನಂಬರ್ ಪ್ಲೇಟಿಗೆ ಕೋಟಿ. ಕಿವಿಗೆ ಬಿದ್ದಿದ್ದಕ್ಕೆ ಅಂಥ ರಸೀದಿ ನಾನಂತೂ ನೋಡಿಲ್ಲ.

ಎಲ್ಲಕ್ಕಿಂತ ಮಜಾ ಬರುವುದು ಎಮಿಷನ್ ಟೆಸ್ಟಿನಲ್ಲಿ. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಒಂದು ಗೂಡು, ಒಳಗೆ ಕಂಪ್ಯೂಟರ್ ಮುಂದೆ ಒಬ್ಬ ಹುಡುಗ. ಮಸ್ಟಾಂಗ್ ಬಂದು ನಿಂತಿತು. ಗೂಡಿನ ಗಾಜು ಗಡಗಡ ಅಂದಿತು. ಹುಡುಗ ಎದ್ದು ಬಂದು ಮೆಟಲ್ ಕೊಳವೆಯನ್ನು ಹೊಸ ಎಕ್ಸಾಸ್ಟ್ ಬಾಯಿಗೆ, ಹೌದು, ಅದೇ ಕಾನೂನುಬಾಹಿರ ಬಾಯಿಗೆ, ತೂರಿಸಿದ.

"ನಂಬರ್ ಹೇಳಿ ಸಾರ್!"

"ಆಂ?"

"ನಂಬರ್ರೂ!"

ಇಬ್ಬರಿಗೂ ಕೇಳಿಸಲಿಲ್ಲ. ಕೊನೆಗೆ ಅವನೇ ಬಗ್ಗಿ ಪ್ಲೇಟು ಓದಿಕೊಂಡ. ಫೋಟೊ ತೆಗೆದ. ಕಾರ್ಬನ್ ಮಾನಾಕ್ಸೈಡ್ ಸರಿ ಇದೆ, ಹೈಡ್ರೋಕಾರ್ಬನ್ ಸರಿ ಇದೆ. ಪಾಸ್. ಸರ್ಟಿಫಿಕೇಟ್ ಒಂದು ವರ್ಷಕ್ಕೆ. ಆ ಕೊಳವೆಯಿಂದ ಹೊರಬರುವ ಹೊಗೆ ಇಲಾಖೆಯದ್ದು, ಸದ್ದು ಯಾರದ್ದೂ ಅಲ್ಲ. ಸರ್ಕಾರದ ಯಂತ್ರವೇ ಆ ಗಂಟಲಿಗೆ ಇಳಿದು ನೋಡಿ, ಆರೋಗ್ಯ ಚೆನ್ನಾಗಿದೆ ಅಂತ ಬರೆದುಕೊಟ್ಟಿತು.

ಎಲೆಕ್ಟ್ರಿಕ್ ಕಾರು ಬಂದರೆ ಈ ರೋಗ ಹೋಗುತ್ತದೆ ಅಂತ ನಂಬಿದ್ದೆ. ಅಮೆರಿಕದ ಡಾಜ್ ಕಂಪನಿ ಆ ಆಸೆಗೂ ನೀರು ಬಿಟ್ಟಿತು. ಚಾರ್ಜರ್ ಡೇಟೋನಾ ಎಂಬ ಬ್ಯಾಟರಿ ಕಾರಿಗೆ ಹೊಗೆಯೇ ಇಲ್ಲ, ಆದರೆ ಎಕ್ಸಾಸ್ಟ್ ಇದೆ. 126 ಡೆಸಿಬೆಲ್‌ವರೆಗೆ ಗರ್ಜಿಸುತ್ತದೆ ಅಂತ 2022ರಲ್ಲಿ ಮಾದರಿ ಕಾರು ತೋರಿಸಿದಾಗ ಹೇಳಿಕೊಂಡಿದ್ದರು. ಮುಂದೆ 2025ರಲ್ಲಿ ಅದೇ ಕಾರುಗಳನ್ನು, ಎಂಟು ಸಾವಿರಕ್ಕೂ ಜಾಸ್ತಿ, ಕಂಪನಿ ವಾಪಸು ಕರೆಯಬೇಕಾಯಿತು. ಯಾಕೆ ಗೊತ್ತಾ? ಪಾದಚಾರಿಗಳನ್ನು ಎಚ್ಚರಿಸಲು ಕಾನೂನು ಕೇಳುವ ಸಣ್ಣ ಸದ್ದು ಕೆಲವು ಕಾರುಗಳಲ್ಲಿ ಬರುತ್ತಿರಲಿಲ್ಲವಂತೆ. ಬೇಡದ ಸದ್ದಿಗೆ ಅಷ್ಟು ಖರ್ಚು ಮಾಡಿ, ಬೇಕಾದ ಸದ್ದಿನಲ್ಲಿ ಫೇಲ್.

ನಮ್ಮ ಹುಡುಗನ ಕತೆ ಹೇಳಿ ಮುಗಿಸುತ್ತೇನೆ. ಒಂದು ಭಾನುವಾರ ನಂದಿ ಬೆಟ್ಟದಿಂದ ವಾಪಸು ಬರುವಾಗ ಪೊಲೀಸರು ಹಿಡಿದರು. ಸೆಲ್ಫಿ ಆಯಿತು, ದಂಡವೂ ಆಯಿತು. ಕಂಪನಿಯ ಸೈಲೆನ್ಸರ್ ಹಾಕಿಕೊಂಡು ಬಂದು ತೋರಿಸಬೇಕು ಅಂದರು. ಕಂಪನಿಯದು ಗ್ರೈಂಡರ್‌ಗೆ ಸಿಕ್ಕು ತುಂಡಾಗಿತ್ತು. ಆ ತುಂಡುಗಳನ್ನು ವಾಚ್‌ಮನ್ ಯಾವತ್ತೋ ಗುಜರಿಗೆ ಹಾಕಿ ಟೀ ಕುಡಿದಿದ್ದ. ಸರಿ, ನನ್ನನ್ನೂ ಹತ್ತಿಸಿಕೊಂಡು ಜೆ.ಸಿ. ರೋಡಿಗೆ ಹೊರಟ. ಅಲ್ಲಿ ಒಂದು ಅಂಗಡಿ. ಗಾಜಿನ ಹಿಂದೆ ಲೈಟು ಬಿಟ್ಟು ಸಾಲು ಸಾಲು ಕೊಳವೆಗಳು. ಹುಡುಗ ತಲೆ ತಗ್ಗಿಸಿಕೊಂಡು, "ಒರಿಜಿನಲ್ ಸೈಲೆನ್ಸರ್ ಸಿಗುತ್ತಾ ಅಣ್ಣ?" ಅಂದ.

ಅಂಗಡಿಯವನು ಕ್ಯಾಲ್ಕುಲೇಟರ್‌ನಿಂದ ಕಣ್ಣೂ ಎತ್ತಲಿಲ್ಲ.

"ಓಡಿಸೋಕಾ ಸಾರ್, ಪೊಲೀಸ್ರಿಗೆ ತೋರ್ಸೋಕಾ? ತೋರ್ಸೋಕಾದ್ರೆ ದಿನದ ಬಾಡಿಗೆಗೆ ಕೊಡ್ತೀವಿ."