ಏನು ಕುಡೀತೀರಿ?

ನಮ್ಮೂರಲ್ಲಿ ಯಾರ ಮನೆಗೆ ಹೋದರೂ, ಕುಡಿಯೋಕೆ ಏನು ಕೊಡಲಿ ಅಂದರೆ ಉತ್ತರ ಒಂದೇ. "ಅಯ್ಯೋ, ಏನೂ ಬೇಡ." ಅವರು ಮತ್ತೆ ಕೇಳುತ್ತಾರೆ, ನಾವು ಮತ್ತೆ ಬೇಡ ಅನ್ನುತ್ತೇವೆ. ಮೂರನೇ ಸಲಕ್ಕೆ "ಸರಿ, ಅರ್ಧ ಲೋಟ ಕಾಫಿ" ಅನ್ನುವಷ್ಟರಲ್ಲಿ ಒಳಗೆ ಹಾಲು ಉಕ್ಕಿರುತ್ತದೆ. ಈ ಪದ್ಧತಿಯನ್ನು ನಾನು ಫ್ರಾನ್ಸಿಗೂ ಹೊತ್ತುಕೊಂಡು ಹೋದೆ.

ಗ್ರೆನೋಬ್ಲ್ ಊರಿಗೆ ಬಂದು ಎರಡು ವಾರವಾಗಿತ್ತು. ಎದುರು ಮನೆಯ ನಿವೃತ್ತ ಮೇಷ್ಟ್ರು ಸಂಜೆ ಏಳಕ್ಕೆ ಅಪೆರೊಗೆ ಬನ್ನಿ ಅಂದರು. ಅಪೆರೊ ಅನ್ನೋದು ಅಪೆರಿತಿಫ್‌ನ ಮುದ್ದಿನ ಹೆಸರು. ಊಟಕ್ಕೆ ಮುಂಚೆ ಹಸಿವು ಕೆರಳಲಿ ಅಂತ ಕುಡಿಯುವುದು. ಇದು ನನಗೆ ಗೊತ್ತಾಗಿದ್ದು ಆಮೇಲೆ. ಏಳು ಗಂಟೆಗೆ ಮನೆಗೆ ಕರೆದರೆ ಊಟಕ್ಕೇ ಅಲ್ವಾ? ನಾನೂ ನನ್ನ ಹೆಂಡತಿಯೂ ಮಧ್ಯಾಹ್ನ ಬರೀ ಮಜ್ಜಿಗೆ ಕುಡಿದು, ಹೊಟ್ಟೆ ಖಾಲಿ ಇಟ್ಟುಕೊಂಡು ಹೋದೆವು.

ಮೇಷ್ಟ್ರು ಏನು ಕೊಡಲಿ ಅಂದರು. "ಏನೂ ಬೇಡ" ಅಂದೆ. "ಸರಿ" ಅಂದರು. ಅಷ್ಟೇ. ಎರಡನೇ ಸಲ ಕೇಳಲೇ ಇಲ್ಲ! ತಮ್ಮ ಲೋಟಕ್ಕೆ ಸುರಿದುಕೊಂಡು ಆರಾಮಾಗಿ ಕೂತು ಮಾತು ಶುರುಮಾಡಿದರು. ಒಂದೂವರೆ ಗಂಟೆ ನಾನು ಖಾಲಿ ಕೈಯಲ್ಲಿ ಕೂತಿದ್ದೆ. ಮೇಜಿನ ಮೇಲೆ ಒಂದು ಪುಟ್ಟ ಬಟ್ಟಲಲ್ಲಿ ಆಲಿವ್ ಇತ್ತು. ನನ್ನ ಪಾಲಿಗೆ ಏಳು ಬಂತು. ಎಂಟೂವರೆಗೆ ಅವರು ಎದ್ದು ಕೈಕುಲುಕಿ, ಬಂದಿದ್ದು ಸಂತೋಷ ಅಂದರು. ಮನೆಗೆ ಬಂದು ಅವಲಕ್ಕಿ ಕಲಸಿಕೊಂಡು ತಿಂದೆವು.

ಮುಂದಿನ ಸಲ ಹುಷಾರಾದೆ. "ನೀವೇನು ತಗೋತೀರೋ ಅದೇ" ಅಂದೆ. ಹಳದಿ ಬಣ್ಣದ್ದು ಬಂತು. ಸ್ಯೂಜ್ ಅಂತ ಹೆಸರು. 1889ರಿಂದ ಮಾರಾಟದಲ್ಲಿದೆಯಂತೆ. ಜೆನ್ಶಿಯನ್ ಅನ್ನೋ ಬೆಟ್ಟದ ಗಿಡದ ಬೇರಿನಿಂದ ಮಾಡುತ್ತಾರೆ. ನಮ್ಮಜ್ಜಿ ಕಷಾಯಕ್ಕೆ ಹಾಕುತ್ತಿದ್ದ ಕಿರಾತಕಡ್ಡಿಯೂ ಅದೇ ಗಿಡದ ಕುಟುಂಬದ್ದು. ಕುಟುಂಬದ ವಿಷಯ ನನಗೆ ಪುಸ್ತಕ ನೋಡುವ ಮೊದಲೇ ನಾಲಿಗೆಗೆ ತಿಳಿಯಿತು. ಜ್ವರ ಬಂದಾಗ ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದಳಲ್ಲ, ಅದೇ ಕಹಿ, ಮೇಲೊಂದಿಷ್ಟು ಸಕ್ಕರೆ. ಅಂಥದ್ದನ್ನು ಕುಡಿಯುವ ರೀತಿ ನನಗೆ ಚೆನ್ನಾಗಿ ಗೊತ್ತು. ಉಸಿರು ಬಿಗಿಹಿಡಿದು ಒಂದೇ ಗುಟುಕಿಗೆ ಮುಗಿಸಿ ಲೋಟ ಕೆಳಗಿಟ್ಟೆ.

ಮೇಷ್ಟ್ರ ಕಣ್ಣು ಅರಳಿತು. ಈಗಿನ ಹುಡುಗರಿಗೆ ಈ ರುಚಿ ಹಿಡಿಸೋದೇ ಇಲ್ಲ, ನಿಮಗೆ ಇಷ್ಟು ಇಷ್ಟವಾ ಅಂತ ಮತ್ತೆ ತುಂಬಿಸಿದರು. ಅವತ್ತಿನಿಂದ ನಾನು ಆ ಬೀದಿಯಲ್ಲಿ ಸ್ಯೂಜ್ ಕುಡಿಯುವ ಭಾರತೀಯ. ಯಾರ ಮನೆಗೆ ಹೋದರೂ ನನಗಾಗಿಯೇ ಹಳದಿ ಬಾಟಲಿ ಹೊರಗೆ ಬರುತ್ತದೆ.

ಹೆಂಡತಿ ಮಾತ್ರ ಬಚಾವಾದಳು. ಪಕ್ಕದ ವುವಾರೋಂ ಊರಿನಲ್ಲಿ ಆಂಟೆಸಿತ್ ಅಂತ ಮಾಡುತ್ತಾರೆ. ಜ್ಯೇಷ್ಠಮಧುವಿನ ಗಟ್ಟಿ ರಸ, ಮದ್ಯವಿಲ್ಲ. ರೈಲ್ವೆ ಕೆಲಸಗಾರರು ವೈನ್ ಬಿಡಲಿ ಅಂತ 1890ರಲ್ಲಿ ಒಬ್ಬ ಔಷಧಿ ಅಂಗಡಿಯವನು ಕಂಡುಹಿಡಿದದ್ದು. ತಣ್ಣೀರಿಗೆ ನಾಲ್ಕು ಹನಿ ಬಿಟ್ಟುಕೊಂಡು ಅವಳು ಮಹಾರಾಣಿಯ ಹಾಗೆ ಕೂರುತ್ತಾಳೆ.

ಮಾರ್ಸೇಲ್‌ನ ಹಳೇ ಬಂದರಿಗೆ ಹೋದಾಗ, ಇಲ್ಲಿ ಯಾರಿಗೂ ನನ್ನ ಪರಿಚಯವಿಲ್ಲ ಅಂತ ಧೈರ್ಯವಾಗಿ ಪಾಸ್ತಿಸ್ ಅನ್ನೋ ಮದ್ಯ ಹೇಳಿದೆ. ಉದ್ದ ಲೋಟದ ತಳದಲ್ಲಿ ಎರಡು ಬೆರಳು ಎತ್ತರಕ್ಕೆ ಕಂದು ಬಣ್ಣದ್ದು, ಪಕ್ಕದಲ್ಲಿ ಒಂದು ಜಗ್ ನೀರು. ನಮ್ಮ ದರ್ಶಿನಿಗಳಲ್ಲೂ ನೀರು ಬೇರೆ ಇಡುತ್ತಾರೆ, ಅಲ್ವಾ? ಲೋಟ ಎತ್ತಿ ಹಾಗೇ ಕುಡಿದೆ. ನೂರಕ್ಕೆ 45 ಭಾಗ ಆಲ್ಕೋಹಾಲ್. ಕಣ್ಣಲ್ಲಿ ನೀರು ಬಂತು. ಆಮೇಲೆ ಜಗ್ಗಿನ ನೀರನ್ನೂ ಗಟಗಟ ಕುಡಿದೆ. ವೇಟರ್ ನಿಂತು ನೋಡಿದ. ಏನೂ ಅನ್ನಲಿಲ್ಲ. ಇನ್ನೊಂದು ಲೋಟ ತಂದಿಟ್ಟು, ಮಗುವಿಗೆ ತೋರಿಸುವ ಹಾಗೆ ನಿಧಾನವಾಗಿ ನೀರು ಸುರಿದ. ಒಂದಕ್ಕೆ ಐದು ಪಾಲು. ನೋಡನೋಡುತ್ತಲೇ ಅದು ಬೆಳ್ಳಗೆ ಹಾಲಾಯಿತು. ಬಕೆಟ್ ನೀರಿಗೆ ಫಿನಾಯಿಲ್ ಹಾಕಿದರೆ ಆಗುತ್ತದಲ್ಲ, ಥೇಟ್ ಹಾಗೇ. ಬಿರಿಯಾನಿಗೆ ಹಾಕುವ ಚಕ್ರಮೊಗ್ಗಿನ ಎಣ್ಣೆ ಅದರಲ್ಲಿರುತ್ತದೆ. ಆಲ್ಕೋಹಾಲಿನಲ್ಲಿ ಕರಗುವ ಎಣ್ಣೆ ನೀರು ಬಿದ್ದ ಕೂಡಲೇ ಸಣ್ಣ ಸಣ್ಣ ಹನಿಯಾಗಿ ಬಿಟ್ಟುಕೊಳ್ಳುತ್ತದೆ. ವಿಜ್ಞಾನ ಗೊತ್ತಾಯಿತು. ಮೂಗಿಗೆ ಮಾತ್ರ ಬಿರಿಯಾನಿ ನೆನಪಾಗುತ್ತಿತ್ತು, ಕಣ್ಣಿಗೆ ಬಚ್ಚಲು.

ಕೊನೆಗೆ ನಮ್ಮ ಸರದಿ ಬಂತು. ಮೇಷ್ಟ್ರನ್ನೂ ಕೆಳಗಿನ ಮನೆಯ ದಂಪತಿಯನ್ನೂ ಊಟಕ್ಕೆ ಕರೆದೆವು. ಅಂಗಡಿಯಲ್ಲಿ ಬಣ್ಣ ನೋಡಿ ಹಸಿರು ಶಾರ್ತ್ರೂಜ್ ಆರಿಸಿದೆ. ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣುವ ಬೆಟ್ಟದ ಹೆಸರೇ ಅದಕ್ಕೂ. ಅಲ್ಲಿನ ಮಠದ ಸನ್ಯಾಸಿಗಳು 130 ಗಿಡಮೂಲಿಕೆ ಹಾಕಿ ಮಾಡುವುದು, ಪಾಕ ಗುಟ್ಟಿನದು. ಮೌನವಾಗಿ ಬದುಕುವ ಸನ್ಯಾಸಿಗಳು ಅಂದಮೇಲೆ ಗುಟ್ಟು ಬಿಟ್ಟುಕೊಡೋರು ಯಾರು, ಬಿಡಿ. ಮಠದ ತೀರ್ಥ, ಸೌಮ್ಯವಾಗಿಯೇ ಇರುತ್ತೆ ಅಂತ ಜ್ಯೂಸ್ ಲೋಟಗಳಿಗೆ ಧಾರಾಳವಾಗಿ ಬಗ್ಗಿಸಿ, ಬಿಸಿ ಬಿಸಿ ಆಲೂ ಬೋಂಡದ ಜೊತೆ ಕೊಟ್ಟೆ.

ಅದು ನೂರಕ್ಕೆ 55 ಭಾಗ. ಊಟ ಆದಮೇಲೆ ಜೀರ್ಣಕ್ಕೆ ಅಂತ ಹೆಬ್ಬೆರಳುದ್ದದ ಲೋಟದಲ್ಲಿ ಚೀಪುವುದು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ದಾಕ್ಷಿಣ್ಯದವರು. ಭಾರತದಲ್ಲಿ ಹೀಗೇ ಇರಬೇಕು ಅಂದುಕೊಂಡು ಪೂರ್ತಿ ಮುಗಿಸಿದರು. ಒಂಬತ್ತಕ್ಕೆ ಹೆಂಡತಿ ಬಿಸಿಬೇಳೆಬಾತ್ ತಂದಾಗ ಕೆಳಗಿನ ಮನೆಯಾತ ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದ. ಮೇಷ್ಟ್ರು ತುಪ್ಪದ ಬಟ್ಟಲಿಗೆ ಸಾಂತೇ, ಅಂದರೆ ಚಿಯರ್ಸ್, ಅಂತ ಲೋಟ ತಾಗಿಸಿದರು. ಬಿಸಿಬೇಳೆಬಾತ್ ನಾವು ಮೂರು ದಿನ ತಿಂದೆವು.

ಮೊನ್ನೆ ನನ್ನ ಹುಟ್ಟುಹಬ್ಬಕ್ಕೆ ಮೇಷ್ಟ್ರು ರಿಬ್ಬನ್ ಕಟ್ಟಿದ ಬಾಟಲಿ ಕೊಟ್ಟರು. ಸ್ಯೂಜೇ. ಮನೆಯಲ್ಲಿ ಅದು ನಾಲ್ಕನೆಯದು. ಸಂಜೆ ಅಮ್ಮ ವಿಡಿಯೊ ಕಾಲ್ ಮಾಡಿದಾಗ ಹಿಂದಿನ ಶೆಲ್ಫು ಕಂಡುಬಿಟ್ಟಿತು.

"ಏನೋ ಅದು, ಹಳದೀದು?"

"ಕಷಾಯ, ಅಮ್ಮ. ಬೇರಿಂದ ಮಾಡೋದು. ಕಹಿ."

"ಒಳ್ಳೇದು. ಊಟಕ್ಕೆ ಮುಂಚೆ ತಗೋ" ಅಂದಳು ಅಮ್ಮ. "ಚೀಪ್ತಾ ಕೂರಬೇಡ, ಒಂದೇ ಗುಟುಕಿಗೆ ಕುಡಿ."