ಪೈಥಾನ್ 3.6 ಚಿರಾಯುವಾಗಲಿ

ಮತ್ತೆ ಅಕ್ಟೋಬರ್ ಬಂತು, ಹೋಯಿತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ವರ್ಷನ್ ಹುಟ್ಟಿತು, ಒಂದು ತೀರಿಕೊಂಡಿತು. ಹುಟ್ಟಿದ್ದನ್ನು ಕೇಳುವವರಿಲ್ಲ. ಸತ್ತದ್ದರ ಮುಂದೆ ಮಾತ್ರ ಎದೆ ಬಡಿದುಕೊಳ್ಳುವವರ ಸಾಲೇ ಸಾಲು. "ಮುಂದಿನ ರಿಲೀಸಿನಿಂದ 3.9ಕ್ಕೆ ಸಪೋರ್ಟ್ ಇಲ್ಲ" ಎಂದು ಲೈಬ್ರರಿಯೊಂದನ್ನು (ಇತರರ ಪ್ರೋಗ್ರಾಮುಗಳು ಬಳಸುವ ಸಿದ್ಧ ಕೋಡ್) ನೋಡಿಕೊಳ್ಳುವ ಮೇಂಟೇನರ್ ಒಂದು ಸಾಲು ಬರೆದದ್ದೇ ತಡ, "ಹಾಗಾದರೆ ನಮ್ಮ ಪ್ರೊಡಕ್ಷನ್ ಗತಿ ಏನು ಸ್ವಾಮಿ?"

3.9 ಬಂದದ್ದು 2020ರ ಅಕ್ಟೋಬರಿನಲ್ಲಿ. ಆಯಸ್ಸು ಐದೇ ವರ್ಷ ಎಂಬುದು ಅಂದೇ ಗೊತ್ತಿತ್ತು. ಆದರೂ ಅಕಾಲ ಮರಣ ಎಂಬಂತೆ ಆಘಾತ! 2.7ರದ್ದೂ ಇದೇ ಕಥೆ. 2015ಕ್ಕೆ ಮುಗಿಯಬೇಕಿದ್ದದ್ದನ್ನು ದಯೆ ತೋರಿ 2020ರ ಜನವರಿ 1ರವರೆಗೆ ಎಳೆದರು. ಸಿಕ್ಕ ಐದು ವರ್ಷವನ್ನು ಬಹಳ ಮಂದಿ ನಿದ್ದೆಗೆ ಬಳಸಿಕೊಂಡರು.

ದೊಡ್ಡ ಕಂಪನಿಗಳ ನಿಷ್ಠೆಗೆ ಮಾತ್ರ ಕೈಮುಗಿಯಬೇಕು. 3.6 ತೀರಿಕೊಂಡದ್ದು 2021ರ ಡಿಸೆಂಬರಿನಲ್ಲಿ. ಅದು ಇನ್ನೂ ಸರ್ವರಿನಲ್ಲಿ ಉಸಿರಾಡುತ್ತಿದ್ದರೆ ಆಶ್ಚರ್ಯವಿಲ್ಲ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಎಂಬ ಆಪರೇಟಿಂಗ್ ಸಿಸ್ಟಂನ ಸ್ವಂತ ಬಳಕೆಯ ಪೈಥಾನ್ ಅದೇ. 2029ರವರೆಗೆ ಅದಕ್ಕೆ ಪ್ಯಾಚ್ (ದೋಷ ಸರಿಪಡಿಸುವ ತೇಪೆ) ಹಾಕಲು ರೆಡ್ ಹ್ಯಾಟ್ ದುಡ್ಡು ತೆಗೆದುಕೊಳ್ಳುತ್ತದೆ. ನ್ಯಾಯವಾದ ವ್ಯಾಪಾರ. ತಮಾಷೆ ಇರುವುದು ಆಮೇಲೆ. ಅಲ್ಲಿ ಕಾಸು ಕೊಟ್ಟು ಬಂದ ಗಿರಾಕಿ, ಭಾನುವಾರ ಪುಕ್ಕಟೆ ಕೋಡ್ ಬರೆಯುವವನ ಹತ್ತಿರ ಅದೇ ಸೇವೆಯನ್ನು ಹಕ್ಕಿನಿಂದ ಕೇಳುತ್ತಾನೆ. ರನ್‌ಟೈಮ್ (ಕೋಡ್ ಓಡಿಸುವ ಪೈಥಾನ್) ಮುಟ್ಟಬಾರದಂತೆ, ಸೆಕ್ಯುರಿಟಿ ಪಾಲಿಸಿ. ಲೈಬ್ರರಿ ಮಾತ್ರ ನಿನ್ನೆ ರಾತ್ರಿಯದೇ ಬೇಕಂತೆ, ಅದೂ ಸೆಕ್ಯುರಿಟಿ ಪಾಲಿಸಿ.

ಅಷ್ಟಕ್ಕೂ ಸಪೋರ್ಟ್ ಬಿಟ್ಟರೆ ಆಗುವುದೇನು? ಲೈಬ್ರರಿಯ ವಿವರಗಳಿರುವ ಮೆಟಾಡೇಟಾದಲ್ಲಿ, ಯಾವ ಪೈಥಾನ್ ಬೇಕೆಂದು ಹೇಳುವ ರಿಕ್ವೈರ್ಸ್-ಪೈಥಾನ್ ಸಾಲಿನಲ್ಲಿ >=3.10 ಎಂದು ಬರೆದರೆ 3.9ರ ಪಿಪ್ (ಲೈಬ್ರರಿ ತಂದು ಹಾಕುವ ಸಲಕರಣೆ) ಹೊಸದನ್ನು ಬಿಟ್ಟು ತನಗೆ ಹೊಂದುವ ಕೊನೆಯ ರಿಲೀಸನ್ನು ತಾನೇ ಹುಡುಕಿ ಹಾಕಿಕೊಳ್ಳುತ್ತದೆ. ಎಡವಟ್ಟಾಗುವುದು ಆ ಸಾಲನ್ನು ಬದಲಿಸಲು ಮರೆತಾಗ. ಯಾವ ವರ್ಷನ್ನಿಗೆ ಹೊಂದುತ್ತದೆಂಬ ಹಣೆಪಟ್ಟಿಗಳಾದ ಕ್ಲಾಸಿಫೈಯರುಗಳನ್ನಷ್ಟೇ ತಿದ್ದಿ ರಿಲೀಸ್ ಮಾಡುವ ಪುಣ್ಯಾತ್ಮರಿದ್ದಾರೆ. ಅವು ಬರೀ ಅಲಂಕಾರ, ಪಿಪ್ ಅತ್ತ ಕಣ್ಣೂ ಹಾಯಿಸುವುದಿಲ್ಲ. ಖುಷಿಯಾಗಿ ಇನ್‌ಸ್ಟಾಲ್ ಮಾಡುತ್ತದೆ, ಇಂಪೋರ್ಟ್ ಮಾಡಿದಾಗ ಸಿಂಟ್ಯಾಕ್ಸ್ ಎರರ್ ಮುಖಕ್ಕೆ ರಾಚುತ್ತದೆ. ಆ ರಿಲೀಸನ್ನು ಪಿಪ್ ತಾನಾಗಿ ಆರಿಸದಂತೆ ಗುರುತು ಹಾಕಿ ಯ್ಯಾಂಕ್ ಮಾಡುವುದೇ ದಾರಿ.

ಇನ್ನು ಕೆಲವರದು ಅತಿ ಜಾಣತನ. ಮುಂದೇನಾಗುತ್ತದೋ ಎಂದು <3.13 ಅಂತ ಮೇಲೂ ಬೇಲಿ ಹಾಕುತ್ತಾರೆ. 3.13ರಲ್ಲಿ ಕುಳಿತ ಪಿಪ್ ಸುಮ್ಮನಿರುತ್ತದೆಯೇ? ಹಿಂದೆ ಹಿಂದೆ ಹೋಗಿ, ಬೇಲಿಯೇ ಇಲ್ಲದ ಓಬೀರಾಯನ ಕಾಲದ ರಿಲೀಸೊಂದನ್ನು ಎತ್ತಿಕೊಂಡು, ಸೋರ್ಸಿನಿಂದ ಕಂಪೈಲ್ ಮಾಡಲು ಹೊರಟು, ಪುಟಗಟ್ಟಲೆ ಸಿ ಎರರ್ ಕಾರಿಕೊಳ್ಳುತ್ತದೆ. ಬೈಗುಳ ಯಾರಿಗೆ ಎಂದು ಬೇರೆ ಹೇಳಬೇಕೇ.

ಪ್ರತಿ ಬದಲಾವಣೆಗೂ ತಾನೇ ಟೆಸ್ಟ್ ಓಡಿಸುವ ಸಿಐ ವೈಭವವಂತೂ ಕೇಳಲೇಬೇಡಿ. ಐದು ಪೈಥಾನ್, ಮೂರು ಆಪರೇಟಿಂಗ್ ಸಿಸ್ಟಂ, ನೆಚ್ಚಿಕೊಂಡ ಲೈಬ್ರರಿಗಳಲ್ಲಿ (ಡಿಪೆಂಡೆನ್ಸಿ) ಹಳೆಯದೊಂದು ಹೊಸದೊಂದು: ಒಂದು ಕಾಮಾ ತಿದ್ದಿದರೂ 30 ಜಾಬ್. ಅದರಲ್ಲೂ ಸಿಐ ಸೆಟ್ಟಿಂಗ್ ಬರೆಯುವ ಯಾಮಲ್ ಫೈಲಿನಲ್ಲಿ 3.10ಕ್ಕೆ ಕೋಟ್ ಹಾಕದಿದ್ದರೆ ಅದು ದಶಮಾಂಶವಾಗಿ, ಕೊನೆಯ ಸೊನ್ನೆ ಉದುರಿ, 3.1 ಆಗುತ್ತದೆ. 2009ರ ಪೈಥಾನನ್ನು ಹುಡುಕಿ ಹೊರಟ ಸಿಐ ಕೆಂಪಗಾಗಿ ನಿಲ್ಲುತ್ತದೆ. ಸ್ಟ್ರಿಂಗಿನ ಮೊದಲ ಮೂರಕ್ಷರ ಕತ್ತರಿಸಿ ವರ್ಷನ್ ಓದುತ್ತಿದ್ದ ಕೋಡಿಗೂ ಇದೇ ಶಾಸ್ತಿಯಾಯಿತು. ಒಂಬತ್ತಾದ ಮೇಲೆ ಹತ್ತು ಬರುತ್ತದೆಂದು ಪಾಪ ಯಾರಿಗೆ ಹೊಳೆದೀತು?

ಮೇಂಟೇನರುಗಳೇನು ಸಾಚಾಗಳಲ್ಲ. ಹೊಸ ಪೈಥಾನಿನಲ್ಲಷ್ಟೇ ಇರುವ ಮ್ಯಾಚ್ ಸ್ಟೇಟ್‌ಮೆಂಟ್ ಬರೆಯುವ ಚಪಲಕ್ಕೆ, ಬಗ್ ಫಿಕ್ಸ್ ಎಂಬ ಹಣೆಪಟ್ಟಿಯ ಪ್ಯಾಚ್ ರಿಲೀಸಿನಲ್ಲೇ ಸದ್ದಿಲ್ಲದೆ ಹಳೆಯ ವರ್ಷನ್ ಕೈಬಿಡುವವರಿಗೆ ಬಯ್ಯಿರಿ, ನಾನೂ ದನಿಗೂಡಿಸುತ್ತೇನೆ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನವರಂತೂ ತಮ್ಮ ವರ್ಷನ್ 16ರ ಅಂತ್ಯವನ್ನೇ 2023ರ ಸೆಪ್ಟೆಂಬರಿಗೆ ಏಳು ತಿಂಗಳು ಹಿಂದಕ್ಕೆ ತಂದರು. ಅದು ನೆಚ್ಚಿಕೊಂಡಿದ್ದ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 1.1.1ರ ಸಪೋರ್ಟ್ ಆ ತಿಂಗಳೇ ಮುಗಿಯುತ್ತಿತ್ತು.

ಆದರೆ ವರ್ಷವರ್ಷವೂ ಅದೇ ಗೋಳು ಕೇಳಿ ಸಾಕಾಗಿದೆ. ನಿಮ್ಮ ಹಳೆಯ ರಿಲೀಸನ್ನು ಯಾರೂ ಕಿತ್ತುಕೊಂಡಿಲ್ಲ. ಅದು ಇದ್ದಲ್ಲೇ ಇದೆ, ನಿನ್ನೆ ನಡೆದಂತೆ ಇವತ್ತೂ ನಡೆಯುತ್ತದೆ. ಅದಕ್ಕೆ ಪ್ಯಾಚ್ ಬೇಕೆಂದರೆ ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು) ತೆರೆಯಿರಿ, ಹೊಸ ಫಿಕ್ಸನ್ನು ಹಳೆಯದಕ್ಕೆ ಬ್ಯಾಕ್‌ಪೋರ್ಟ್ ಮಾಡಲು ಸಂಬಳ ತೆಗೆದುಕೊಳ್ಳುವ ನಿಮ್ಮದೇ ಇಂಜಿನಿಯರನ್ನು ಕಳಿಸಿ, ಟೆಸ್ಟ್ ಓಡಿಸುವ ಖರ್ಚು ನೀವೇ ಹೊರಿ. ಅದಾಗದಿದ್ದರೆ "ದಯವಿಟ್ಟು ಮರುಪರಿಶೀಲಿಸಿ" ಎಂಬ ಇಮೇಲನ್ನು ನಿಮ್ಮ ಐಟಿ ವಿಭಾಗಕ್ಕೇ ಕಳಿಸಿ.