ತಿಥಿ ದಿನ ಹೆಸರು ಹೇಳ್ತೀವಿ, ಕತೆ ಯಾಕೆ ಹೇಳಲ್ಲ?

ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಹೋದ ವರ್ಷ ಇಲ್ಲಿ ನಮ್ಮ ಹಿಂದಿನ ಬೀದಿಯ ಹಳೇ ಜಿಪಿ ತೀರ್ಕೊಂಡ್ರು. ಜಿಪಿ ಅಂದ್ರೆ ನಮ್ಮ ಫ್ಯಾಮಿಲಿ ಡಾಕ್ಟ್ರೇ, 1948ರಲ್ಲಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾದಾಗಿಂದ ಜನ ಇಂಥ ಡಾಕ್ಟ್ರ ಹತ್ರ ಹೆಸರು ಬರೆಸ್ಕೊಂಡು ನೆಗಡಿಯಿಂದ ಹಿಡಿದು ಎಲ್ಲದಕ್ಕೂ ಮೊದ್ಲು ಅವ್ರ ಹತ್ರಾನೇ ಹೋಗೋದು. ಸತ್ತು ಎರಡೂವರೆ ವಾರ ಆದ್ಮೇಲೆ ಅಂತ್ಯಕ್ರಿಯೆ ಇತ್ತು, ಇಲ್ಲಿ ಅದು ಮಾಮೂಲಿ, ಆ ಎರಡೂವರೆ ವಾರದಲ್ಲಿ ಮಕ್ಕಳು ಕೂತು ಅಪ್ಪನ ಬದುಕನ್ನ ಬರ್ದಿದ್ರು.

ಮಗಳು ನಿಂತು ಇಪ್ಪತ್ತು ನಿಮಿಷ ಓದಿದ್ಲು. ಅವರಪ್ಪನಿಗೆ ಡೇವಿಡ್ ಲೂಯಿಸ್ ಅಂದ್ರೆ ಪ್ರಾಣವಂತೆ. ಈ ಲೂಯಿಸ್ ಲಂಡನ್ನಲ್ಲಿ ಡಾಕ್ಟ್ರಾಗಿದ್ದೋರು, 1960ರಲ್ಲಿ ಅಟ್ಲಾಂಟಿಕ್ ಸಮುದ್ರಾನ ಒಬ್ಬೊಬ್ರೇ ದಾಟೋ ರೇಸಲ್ಲಿ ಮೂರನೇವ್ರಾಗಿ ಬಂದ್ರು, ಆಮೇಲೆ ಹೆಂಡ್ತಿ ಮತ್ತೆ ಇಬ್ರು ಪುಟ್ಟ ಹೆಣ್ಮಕ್ಕಳನ್ನ ಕೂರಿಸ್ಕೊಂಡು ಹಾಯಿದೋಣೀಲಿ ಪ್ರಪಂಚಾನೇ ಸುತ್ತಿ ಬಂದ್ರು. ಅದನ್ನ ಓದಿ ನಮ್ಮ ಜಿಪಿನೂ ಒಂದು ದೋಣಿ ತಗೊಂಡು ರಜಾ ಸಿಕ್ಕಾಗೆಲ್ಲ ಮಕ್ಕಳನ್ನ ಎಳ್ಕೊಂಡು ಸಮುದ್ರಕ್ಕೆ ಹೋಗಿಬಿಡೋರು. ಮಗಳು ಬರೀ ಹೊಗಳಲಿಲ್ಲ. "ನನ್ನ ಹುಟ್ಟುಹಬ್ಬಕ್ಕೆ ಅಪ್ಪ ಮನೇಲಿದ್ದಿದ್ದು ಕಮ್ಮಿ, ಯಾರದೋ ಹೆರಿಗೆಗೆ ಹೋಗಿರೋರು, ಹುಟ್ಟೋ ಆ ಮಕ್ಕಳ ಮೇಲೆಲ್ಲ ನಂಗೆ ಸಿಟ್ಟಿತ್ತು" ಅಂದಾಗ ಅಲ್ಲಿದ್ದ ಅರ್ಧ ಜನ, ಅಂದ್ರೆ ಆ ಮಕ್ಕಳೇ, ಕಣ್ಣೊರೆಸ್ಕೊಂಡ್ರು.

ನಾನು ಮನೆಗೆ ಬಂದು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಮ್ಮಪ್ಪಯ್ಯನೂ ಡಾಕ್ಟ್ರು, ಸಾಗರ ತಾಲೂಕಲ್ಲಿ.

ಅಪ್ಪಯ್ಯ ಹೋದಾಗ ಬಂದೋರೆಲ್ಲ ಕೇಳಿದ್ದು ಒಂದೇ, ಹೆಂಗಾಯ್ತು? ಶುಗರ್ ಇತ್ತಾ? ರಾತ್ರಿ ಊಟ ಮಾಡಿದ್ರಾ? ಅವರು ಹೇಗೆ ಸತ್ರು ಅನ್ನೋದನ್ನ ನಾನು ಆ ಹದಿಮೂರು ದಿನದಲ್ಲಿ ನೂರು ಸಲ ಹೇಳಿರಬೇಕು, ಹೇಗೆ ಬದುಕಿದ್ರು ಅನ್ನೋದನ್ನ ಒಂದು ಸಲಾನೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಪೇಪರ್‌ಗೆ ಶ್ರದ್ಧಾಂಜಲಿ ಕೊಟ್ವಿ, ಫೋಟೋ, ತಾರೀಖು, ಕೆಳಗೆ ದುಃಖತಪ್ತರು ಅಂತ ನಮ್ಮೆಲ್ರ ಹೆಸರು. ಈಗ ನೋಡಿದ್ರೆ ಅದ್ರಲ್ಲಿ ಇರೋರ ಹೆಸರೇ ಹನ್ನೊಂದು, ಹೋದೋರ ಬಗ್ಗೆ ಒಂದು ಸಾಲೂ ಇಲ್ಲ. ಇಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತೀರ್ಕೊಂಡ ಡಾಕ್ಟ್ರ ಬಗ್ಗೆ ಸಣ್ಣ ಬರಹ ಹಾಕ್ತಾರೆ, ಎಷ್ಟೋ ಸಲ ಮಕ್ಕಳೇ ಬರೆದಿರ್ತಾರೆ. ಹುಟ್ಟಿದ್ದು, ಪಾಸಾಗಿದ್ದು, ಯಾವ ಕಾಯಿಲೇಲಿ ಹೋಗಿದ್ದು ಎಲ್ಲ ಒಂದೆರಡು ಸಾಲು ಅಷ್ಟೇ, ಮಿಕ್ಕಿದ್ದೆಲ್ಲ ಆ ಮನುಷ್ಯನ ಬದುಕು.

ಹಾಗಂತ ಇಲ್ಲಿಯದೇ ಮೇಲು ಅಂತ ನಾನು ಒಪ್ಪಲ್ಲ. ಇವ್ರದ್ದು ಒಂದು ಮಧ್ಯಾಹ್ನಕ್ಕೆ ಮುಗಿದುಹೋಗುತ್ತೆ. ನಾವು ವರ್ಷಾ ವರ್ಷಾ ಕರೀತೀವಿ, ಅಪ್ಪ ವಸು, ಅಜ್ಜ ರುದ್ರ, ಮುತ್ತಜ್ಜ ಆದಿತ್ಯ ಅಂತ ಮೂರು ತಲೆಮಾರಿನ ಹೆಸರು ಹೇಳಿ ಪಿಂಡ ಇಡ್ತೀವಿ. ಇಲ್ಲಿ ನನ್ನ ಜೊತೆ ಕೆಲಸ ಮಾಡೋರಲ್ಲಿ ಮುತ್ತಜ್ಜನ ಹೆಸರು ಗೊತ್ತಿರೋರು ಸಿಗೋದೇ ಕಷ್ಟ. ನಂಗೆ ಮುತ್ತಜ್ಜನ ಹೆಸರು ಬಾಯಲ್ಲೇ ಇದೆ, ಆದ್ರೆ ಅವ್ರು ಏನು ಮಾಡ್ತಿದ್ರು, ಯಾವುದಕ್ಕೆ ಹೆದರ್ತಿದ್ರು, ಒಂದೂ ಗೊತ್ತಿಲ್ಲ. ಇಷ್ಟು ಚೆನ್ನಾಗಿ ಇಟ್ಕೊಂಡಿರೋ ದಿನದಲ್ಲಿ ಕತೆಗೆ ಅರ್ಧ ಗಂಟೆ ಇಟ್ರೆ ಯಾವ ಶಾಸ್ತ್ರಕ್ಕೂ ಅಡ್ಡಿ ಆಗಲ್ಲ ಅಂತ ನನ್ನ ಅನಿಸಿಕೆ.

ಅದಕ್ಕೇ ಈ ಸಲ ತಿಥಿಗೆ ಊರಿಗೆ ಹೋದಾಗ ಅಪ್ಪಯ್ಯನ ಕಾಂಪೌಂಡರ್ ಆಗಿದ್ದೋರನ್ನ ಕರೆಸಿದೆ, ಎಂಬತ್ತು ದಾಟಿದೆ. ಊಟ ಆದ್ಮೇಲೆ ಜಗಲೀಲಿ ಎಲ್ರನ್ನೂ ಕೂರಿಸಿ ಫೋನಲ್ಲಿ ರೆಕಾರ್ಡ್ ಹಾಕಿ, ಹೇಳಿ ಅಂದೆ. ಮೊದ್ಲು ಮಿಕ್ಸ್ಚರ್ ಬಾಟಲಿ ಬಗ್ಗೆ ಹೇಳಿದ್ರು, ಓದಕ್ಕೆ ಬರದವ್ರಿಗೆ ಎಷ್ಟು ಕುಡೀಬೇಕು ಅಂತ ತಿಳೀಲಿ ಅಂತ ಕಾಗದದ ಪಟ್ಟೀನ ಹಲ್ಲುಹಲ್ಲಾಗಿ ಕತ್ತರಿಸಿ ಬಾಟಲಿಗೆ ಅಂಟಿಸ್ತಿದ್ದಿದ್ದು, ಗಾಜಿನ ಸಿರಿಂಜ್ ಕುದಿಸ್ತಿದ್ದಿದ್ದು. ಮಂಗನ ಕಾಯಿಲೆ ವಿಷ್ಯ ಬಂತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡಿದ್ದಕ್ಕೇ ಪುಸ್ತಕದಲ್ಲಿ ಅದಕ್ಕೆ ಆ ಕಾಡಿನ ಹೆಸರಿದೆ. ಆಮೇಲಿನ ವರ್ಷಗಳಲ್ಲೂ ಮಂಗ ಸತ್ತು ಬಿದ್ದಿದೆ ಅಂದ್ರೆ ಅಪ್ಪಯ್ಯ ಮೈಸೂರಲ್ಲಿ ತಯಾರಾದ ಆ ಜಾವಾ ಬೈಕ್ ಹತ್ತಿ ಹೋಗಿ ಮನೆಮನೆಗೂ ಈ ಕಾಯಿಲೆ ಹರಡೋ ಉಣುಗು ಕಚ್ಚದ ಹಾಗೆ ನೋಡ್ಕೊಳಿ, ಜ್ವರ ಬಂದ್ರೆ ಅದೇ ದಿನ ಬನ್ನಿ ಅಂತ ಹೇಳಿ ಬರೋರಂತೆ.

ಆಮೇಲೆ ಶರಾವತಿ ಹಿನ್ನೀರಿನ ಕತೆ. ಲಿಂಗನಮಕ್ಕಿ ಡ್ಯಾಮ್ ಆಗಿ ಆಚೆ ದಡದ ಹಳ್ಳಿಗಳು ದೂರ ಆಗಿದ್ವಲ್ಲ, ಒಂದು ಮಳೆಗಾಲದ ರಾತ್ರಿ ಅಲ್ಲಿಂದ ಒಬ್ಬ ಬಂದು ನಿಂತ. ಹೆರಿಗೆ ಆಗಿದೆ, ಮಾಸು ಬಿದ್ದಿಲ್ಲ, ರಕ್ತ ನಿಲ್ತಿಲ್ಲ. ಗಾಳಿ ಜೋರಿದೆ ಬೆಳಗಾಗ್ಲಿ ಅಂದ ದೋಣಿಯವ. ಬೆಳಗ್ಗೆ ತನಕ ಅವಳು ಉಳಿಯಲ್ಲ ಅಂದ್ಬಿಟ್ಟು ಅಪ್ಪಯ್ಯ ಬ್ಯಾಗನ್ನ ಕಂಬಳೀಲಿ ಸುತ್ತಿ ಕಾಂಪೌಂಡರ್ ತೊಡೆ ಮೇಲಿಟ್ಟು ತಾವೇ ಹುಟ್ಟು ತಗೊಂಡ್ರಂತೆ, ಕೊನೆಗೆ ದೋಣಿಯವನೂ ಹತ್ತಿದ. ಲಾಟೀನು ಬೆಳಕಲ್ಲಿ ಕೈ ಹಾಕಿ ಮಾಸು ತೆಗೆದ್ರು, ಇಂಜೆಕ್ಷನ್ ಕೊಟ್ರು, ಅವಳು ಬದುಕಿದ್ಲು.

"ನಿಮ್ಮಪ್ಪಯ್ಯ ದಾರಿ ಉದ್ದಕ್ಕೂ ಒಂದು ಮಾತಾಡ್ಲಿಲ್ಲ ತಮ್ಮಾ, ಅವ್ರಿಗೆ ಈಜು ಬರ್ತಿರ್ಲಿಲ್ಲ ನೋಡು" ಅಂದ್ರು.

ನಮ್ಮನ್ನ ಒಂದು ದಿನಾನೂ ಹೊಳೆ ಹತ್ರ ಬಿಟ್ಟೋರಲ್ಲ ಅಪ್ಪಯ್ಯ. ಒಂದ್ಸಲ ನಾನು ಕದ್ದು ಹೋಗಿ ಬಂದಿದ್ದಕ್ಕೆ ಬಾರುಕೋಲು ಹಿಡ್ಕೊಂಡು ಅಟ್ಟಿಸ್ಕೊಂಡು ಬಂದಿದ್ರು, ಆಮೇಲೆ ಎರಡು ವಾರ ನಾನು ಅವ್ರ ಜೊತೆ ಮಾತು ಬಿಟ್ಟಿದ್ದೆ. ಜಗಲೀಲಿ ನನ್ನ ತಂಗಿ ನನ್ನ ಮುಖ ನೋಡಿದ್ಲು, ಅವಳಿಗೂ ಗೊತ್ತಿರಲಿಲ್ಲ. ಅಮ್ಮ ಒಳಗಿಂದ, ಗೊತ್ತಿತ್ತು ನಂಗೆ, ಅಂದ್ರು.